ಎಡಸೀಟಿನಲ್ಲಿ ಯಾರಿದ್ದರು? ಒಂದು ಎಲ್‌ಎಲ್‌ಆರ್ ಪ್ರಕರಣ

ನಾನು ಕಾರು ಕಲಿಸುವವನು. ದಿನಕ್ಕೆ ಏಳೆಂಟು ಗಂಟೆ ಎಡಸೀಟಿನಲ್ಲಿ ಕೂರುತ್ತೇನೆ. ನನ್ನ ಕಾಲ ಬಳಿಯೂ ಒಂದು ಕ್ಲಚ್, ಒಂದು ಬ್ರೇಕ್ ಇದೆ. ಬಲಗಡೆ ಯಾರು ಕೂತಿದ್ದರೂ ಧೈರ್ಯವಾಗಿರುವುದು ಅದರಿಂದಲೇ. ಇಲ್ಲಿ ಬರೆಯುತ್ತಿರುವುದು ಒಬ್ಬರು ಟೀಚರ್ ಕತೆ. ಅವರನ್ನು ಟೀಚರ್ ಅಂತಲೇ ಕರೆಯುತ್ತೇನೆ. ಊರು, ಶಾಲೆ, ಕಾರಿನ ಕಂಪನಿ ಯಾವುದನ್ನೂ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅವರೇ ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಹಾಕಿ ಅಂದಿದ್ದಾರೆ.

ಹಿನ್ನೆಲೆ

ಟೀಚರ್‌ಗೆ ಆಗ 43 ವರ್ಷ. ಅದುವರೆಗೆ ಸ್ಕೂಟರ್ ಕೂಡ ಓಡಿಸಿದವರಲ್ಲ. ಶಾಲೆಗೆ ಹೋಗಿ ಬರುವುದು ಬಸ್ಸಿನಲ್ಲಿ. ಮನೆಯವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಅವರು ಶನಿವಾರ ರಾತ್ರಿ ಬಂದು ಸೋಮವಾರ ಬೆಳಿಗ್ಗೆ ಬಸ್ಸಿಗೆ ಹೋಗುತ್ತಿದ್ದರು. ಮನೆಯಲ್ಲಿ ಉಳಿದದ್ದು ಟೀಚರ್, ಅತ್ತೆ, ಕಾಲೇಜಿಗೆ ಹೋಗುವ 20 ವರ್ಷದ ಮಗ, ಮತ್ತೆ ಐದು ದಿನ ಶೆಡ್ಡಿನಲ್ಲಿ ಸುಮ್ಮನೆ ನಿಂತಿರುವ ಒಂದು ಕಾರು. ಅತ್ತೆಗೆ ಒಂದು ರಾತ್ರಿ ಉಸಿರಾಟದ ತೊಂದರೆಯಾಗಿ, ಆಟೋ ಸಿಗದೆ ಮುಕ್ಕಾಲು ಗಂಟೆ ಒದ್ದಾಡಿದರಂತೆ. ಮರುದಿನವೇ ಲೈಸೆನ್ಸ್ ಮಾಡಿಸಬೇಕು ಎಂದು ತೀರ್ಮಾನವಾಯಿತು.

ಅರ್ಜಿ ಹಾಕುವುದು ಈಗ ಸುಲಭ. ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಆಧಾರ್ ಕೊಟ್ಟು ದೃಢೀಕರಿಸಿದರೆ ಎಲ್‌ಎಲ್‌ಆರ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಆರ್‌ಟಿಒ ಕಚೇರಿಗೇ ಹೋಗಬೇಕಿಲ್ಲ, ಪರೀಕ್ಷೆಯನ್ನು ಮನೆಯಲ್ಲೇ ಕೂತು ಬರೆಯಬಹುದು. ಶುಲ್ಕ ಒಂದು ಬಗೆಯ ವಾಹನಕ್ಕೆ 150 ರೂಪಾಯಿ, ಪರೀಕ್ಷೆಗೆ 50. ನಲವತ್ತು ದಾಟಿದವರು ಫಾರಂ 1ಎ ಅಂದರೆ ವೈದ್ಯರ ಸರ್ಟಿಫಿಕೇಟ್ ಹಾಕಬೇಕು. ಅದೊಂದಕ್ಕೆ ಟೀಚರ್ ಆಸ್ಪತ್ರೆಗೆ ಹೋಗಿ ಬಂದರು. ಉಳಿದದ್ದನ್ನೆಲ್ಲ ಬಡಾವಣೆಯ ಒಂದು ಬ್ರೌಸಿಂಗ್ ಸೆಂಟರಿನಲ್ಲಿ ಮಾಡಿಸಿದರು.

ಮೊದಲ ತಪ್ಪು ಆಗಿದ್ದು ಅಲ್ಲೇ. ನಾನು ಇದನ್ನು ಜಾಸ್ತಿ ದೊಡ್ಡದು ಮಾಡುವುದಿಲ್ಲ, ಏಕೆಂದರೆ ಹತ್ತರಲ್ಲಿ ಆರು ಜನ ಮಾಡುವುದೇ ಇದು. ಪರೀಕ್ಷೆಗೆ ಮೊದಲು ನೋಡಬೇಕಾದ ಸುರಕ್ಷತೆಯ ವಿಡಿಯೋ ಅದರ ಪಾಡಿಗೆ ಓಡುತ್ತಿದ್ದಾಗ ಸೆಂಟರಿನ ಹುಡುಗ ಟೀ ತರಿಸಿದ. ಪ್ರಶ್ನೆಗಳು ಬಂದಾಗ ಪಕ್ಕದಲ್ಲಿ ನಿಂತು ‘ಎರಡನೇದು ಒತ್ತಿ ಮೇಡಂ, ಮೂರನೇದು ಒತ್ತಿ’ ಎಂದ. ಪಾಸಾಗಲು ಶೇ 60 ಸರಿಯಿದ್ದರೆ ಸಾಕು. ಇವರಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಬಂತು. ‘ನನ್ನ ಕ್ಲಾಸಲ್ಲಿ ಯಾರಾದ್ರೂ ಹೀಗೆ ಬರೆದಿದ್ರೆ ಪೇಪರ್ ಕಿತ್ಕೊಳ್ತಿದ್ದೆ’ ಎಂದು ಆಮೇಲೆ ಅವರೇ ನಕ್ಕರು. ಏಪ್ರಿಲ್ 12ಕ್ಕೆ ಎಲ್‌ಎಲ್‌ಆರ್ ಕೈಗೆ ಬಂತು. ಬೇಸಿಗೆ ರಜೆ ಆಗಷ್ಟೇ ಶುರುವಾಗಿತ್ತು.

ಆರು ತಿಂಗಳು ಕರಗಿದ್ದು

ಎಲ್‌ಎಲ್‌ಆರ್ ಆರು ತಿಂಗಳು ಇರುತ್ತದೆ. ಕೊಟ್ಟ ದಿನದಿಂದ 30 ದಿನ ಆಗದೆ ಡಿಎಲ್ ಅಂದರೆ ಪೂರ್ತಿ ಲೈಸೆನ್ಸಿನ ಟೆಸ್ಟಿಗೆ ಹೋಗುವಂತಿಲ್ಲ. ಅಂದರೆ ಕೈಯಲ್ಲಿರುವುದು ಐದು ತಿಂಗಳ ಕಿಟಕಿ. ಟೀಚರ್ ವಿಷಯದಲ್ಲಿ ಅದು ಅಕ್ಟೋಬರ್ 11ಕ್ಕೆ ಮುಚ್ಚುತ್ತಿತ್ತು. ಅವರು ನನ್ನ ಹತ್ತಿರ ಬಂದದ್ದು ಆಗಸ್ಟ್ ಕೊನೆಯ ವಾರ. ನಡುವೆ ಏನಾಯಿತು?

ಏಪ್ರಿಲ್, ಮೇ ತಿಂಗಳ ಭಾನುವಾರಗಳಲ್ಲಿ ಗಂಡ ಹತ್ತಿರದ ಒಂದು ಮೈದಾನಕ್ಕೆ ಕರೆದುಕೊಂಡು ಹೋದರು. ಗಂಡ ಹೆಂಡತಿಗೆ ಕಾರು ಕಲಿಸುವುದರ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ಮೊದಲ ಭಾನುವಾರ ಉತ್ಸಾಹ. ಎರಡನೆಯದಕ್ಕೆ ‘ಕ್ಲಚ್ಚು, ಕ್ಲಚ್ಚು, ಕ್ಲಚ್ ಅಂತ ಹೇಳ್ತಾ ಇದೀನಲ್ಲ’. ಐದನೆಯ ಭಾನುವಾರ ಮನೆಗೆ ಬರುವಾಗ ಇಬ್ಬರಿಗೂ ಮಾತಿಲ್ಲ. ಜೂನ್‌ನಲ್ಲಿ ಶಾಲೆ ಶುರುವಾಯಿತು, ಮಳೆಯೂ ಶುರುವಾಯಿತು. ಕಾರು ಮತ್ತೆ ಶೆಡ್ಡಿಗೆ ಸೇರಿತು.

ಜುಲೈ ಪೂರ್ತಿ ಎಲ್‌ಎಲ್‌ಆರ್ ಮೊಬೈಲಿನಲ್ಲಿತ್ತು, ಅಷ್ಟೇ. ಅದು ತನ್ನ ಪಾಡಿಗೆ ಹಳೆಯದಾಗುತ್ತಿತ್ತು.

ಆಗಸ್ಟಿನಲ್ಲಿ ಮಗ, ‘ನಾನು ಕೂರ್ತೀನಿ ಬಾಮ್ಮ’ ಎಂದ. ಅವನಿಗೆ ಲೈಸೆನ್ಸ್ ಇತ್ತು. ಇದ್ದದ್ದು ಗೇರ್ ಬೈಕಿನದು. ಕಾರನ್ನು ಅವನೂ ಅಲ್ಲಿ ಇಲ್ಲಿ ಕದ್ದು ಓಡಿಸಿದ್ದ, ಚೆನ್ನಾಗಿಯೇ ಓಡಿಸುತ್ತಿದ್ದನಂತೆ. ಲೈಸೆನ್ಸ್ ಇರುವವರು ಪಕ್ಕದಲ್ಲಿರಬೇಕು ಅಂತ ತಾನೇ ರೂಲ್ಸು, ಇವನಿಗೆ ಲೈಸೆನ್ಸ್ ಇದೆಯಲ್ಲ ಎಂದು ತಾಯಿ ಮಗ ಇಬ್ಬರೂ ಅಂದುಕೊಂಡರು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ನಿಯಮ ಹಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 3ನೇ ನಿಯಮ ಎಲ್‌ಎಲ್‌ಆರ್ ಇರುವವರಿಗೆ ರಸ್ತೆಗಿಳಿಯಲು ಬಿಡುವುದು ಷರತ್ತಿನ ಮೇಲೆ. ಕಲಿಸುವವರು ಪಕ್ಕದಲ್ಲಿರಬೇಕು. ಅವರ ಹತ್ತಿರ ಆ ವಾಹನವನ್ನೇ ಓಡಿಸುವ ಲೈಸೆನ್ಸ್ ಇರಬೇಕು, ಬೈಕಿನದು ಕಾರಿಗೆ ನಡೆಯುವುದಿಲ್ಲ. ಜೊತೆಗೆ, ಗಾಡಿಯನ್ನು ಹಿಡಿತಕ್ಕೆ ತರಲು ಅಥವಾ ನಿಲ್ಲಿಸಲು ಆಗುವಂಥ ಜಾಗದಲ್ಲಿ ಅವರು ಕೂತಿರಬೇಕು. ಹಿಂದಿನ ಸೀಟು ಲೆಕ್ಕಕ್ಕಿಲ್ಲ. ಮುಂದೆ ಹಿಂದೆ ಎರಡೂ ಕಡೆ ಬಿಳಿ ಮೇಲೆ ಕೆಂಪು ‘ಎಲ್’ ಇರಬೇಕು. ಬೋರ್ಡು ಕನಿಷ್ಠ 18 ಸೆಂಟಿಮೀಟರ್ ಚೌಕ, ಅಕ್ಷರ 10 ಸೆಂಟಿಮೀಟರ್ ಎತ್ತರ. ಇವುಗಳಲ್ಲಿ ಒಂದು ತಪ್ಪಿದರೂ ಆ ವಿನಾಯಿತಿ ಬಿದ್ದುಹೋಗುತ್ತದೆ, ಕಾನೂನಿನ ಕಣ್ಣಿಗೆ ನೀವು ಲೈಸೆನ್ಸ್ ಇಲ್ಲದೆ ಓಡಿಸುತ್ತಿರುವವರು.

ಟೀಚರ್ ಕಾರಿನ ಹಿಂದೆ ಒಂದು ಸಣ್ಣ ಸ್ಟಿಕ್ಕರ್ ಇತ್ತು. ಮುಂದೆ ಇರಲಿಲ್ಲ.

ಗೇಟಿನ ಕಂಬ

ಸಂಜೆ ಐದೂವರೆ. ಬಡಾವಣೆಯ ಒಳರಸ್ತೆ. ಮೂರನೇ ಕ್ರಾಸಿನಲ್ಲಿ ಎಡಕ್ಕೆ ತಿರುಗಿದ ಕೂಡಲೇ ಎದುರಿಗೆ ಒಂದು ಆಟೋ ನಿಂತಿತು. ಟೀಚರ್ ಬ್ರೇಕ್ ಒತ್ತಿದೆ ಅಂದುಕೊಂಡು ಆಕ್ಸಿಲರೇಟರ್ ಒತ್ತಿದರು. ಕಾರು ಕೂಗಿಕೊಂಡು ಮುಂದೆ ಹಾರಿತು. ಸ್ಟೇರಿಂಗ್ ಎಡಕ್ಕೆ ಎಳೆದರು. ಆಟೋ ಉಳಿಯಿತು, ಒಂದು ಮನೆಯ ಗೇಟಿನ ಕಂಬ ಉಳಿಯಲಿಲ್ಲ. ಯಾರಿಗೂ ಪೆಟ್ಟಾಗಲಿಲ್ಲ. ಆ ಗೇಟಿನ ಮುಂದೆ ದಿನಾ ಸಂಜೆ ಇಬ್ಬರು ಮಕ್ಕಳು ಆಡುತ್ತಾರೆ ಎಂದು ಆ ಮನೆಯವರು ಹೇಳಿದ್ದನ್ನು ಟೀಚರ್ ನನಗೆ ಮೂರು ಸಲ ಹೇಳಿದರು.

ಮಗ ಆಗ ಏನು ಮಾಡುತ್ತಿದ್ದ? ಮೊಬೈಲ್ ಎತ್ತಿ ಹಿಡಿದಿದ್ದ. ಅಮ್ಮ ಕಾರು ಓಡಿಸುವುದನ್ನು ಸ್ಟೇಟಸ್‌ಗೆ ಹಾಕಲು. ಆ ವಿಡಿಯೋವನ್ನು ನಾನು ನೋಡಿದ್ದೇನೆ. ಹನ್ನೊಂದು ಸೆಕೆಂಡಿನದು. ಕೊನೆಯ ಮೂರು ಸೆಕೆಂಡಿನಲ್ಲಿ ಕಾಣುವುದು ಕಾರಿನ ಒಳಚಾವಣಿ ಮಾತ್ರ.

ಬಂಪರ್, ಒಂದು ಹೆಡ್‌ಲೈಟ್, ರೇಡಿಯೇಟರಿನ ಮುಂದಿನ ಪಟ್ಟಿ. ಗ್ಯಾರೇಜಿನವರು 28 ಸಾವಿರ ಎಂದರು. ಗೇಟಿಗೆ ಬೇರೆ. ಇನ್ಶೂರೆನ್ಸ್ ಇದೆಯಲ್ಲ ಎಂದು ಏಜೆಂಟರಿಗೆ ಫೋನ್ ಮಾಡಿದರು. ಎಲ್‌ಎಲ್‌ಆರ್ ಇದ್ದರೆ ಕ್ಲೇಮ್ ಸಿಗುತ್ತದಾ? ಸಿಗುತ್ತದೆ. ಪಾಲಿಸಿಯ ಡ್ರೈವರ್ ಕಲಮಿನಲ್ಲೇ ಅದನ್ನು ಬರೆದಿರುತ್ತಾರೆ. ಆದರೆ ಅದೇ ವಾಕ್ಯದ ಬಾಲದಲ್ಲಿ 3ನೇ ನಿಯಮ ಪಾಲಿಸಿದ್ದರೆ ಮಾತ್ರ ಎಂದೂ ಇರುತ್ತದೆ. ಏಜೆಂಟರು ಕೇಳಿದ ಮೊದಲ ಪ್ರಶ್ನೆ: ‘ಎಡಸೀಟಿನಲ್ಲಿ ಯಾರಿದ್ದರು?’

ಎರಡನೆಯದು ಪ್ರಶ್ನೆಯಲ್ಲ, ಸಲಹೆ. ‘ಯಜಮಾನರು ಇದ್ರು ಅಂತ ಬರೆದುಬಿಡಿ ಮೇಡಂ. ಅವರದ್ದು ಕಾರ್ ಲೈಸೆನ್ಸ್ ತಾನೇ?’

ಈ ಪ್ರಕರಣದಲ್ಲಿ ಎರಡು ತಿರುವುಗಳಿವೆ. ಇದು ಮೊದಲನೆಯದು. ಟೀಚರ್ ಒಂದು ರಾತ್ರಿ ಯೋಚಿಸಿ ಬೇಡ ಎಂದರು. ಕ್ಲೇಮ್ ಹಾಕಲೇ ಇಲ್ಲ. ಇದನ್ನು ಪ್ರಾಮಾಣಿಕತೆಯ ಕತೆ ಮಾಡಬೇಡಿ ಎಂದು ಅವರೇ ಹೇಳಿದ್ದಾರೆ. ‘ಆ ದಿನ ಇವರು ಅಲ್ಲಿ ಆಫೀಸಲ್ಲಿ ಬೆರಳೊತ್ತಿ ಹಾಜರಿ ಹಾಕಿದ್ರು ಸರ್. ಸುಳ್ಳಿಗೆ ಬಯೋಮೆಟ್ರಿಕ್ ಅಡ್ಡ ಬಂತು’ ಎಂದರು. ಇರಬಹುದು. ಆದರೆ ಮಗನ ಎದುರಿಗೇ ಆ ಮಾತು ನಡೆದಿತ್ತು, ಅವನು ಊಟ ಬಿಟ್ಟು ಎದ್ದು ಹೋಗಿದ್ದ ಎಂಬುದನ್ನೂ ಅವರೇ ಹೇಳಿದರು. ಉಳಿತಾಯ ಖಾತೆಯಿಂದ ದುಡ್ಡು ತೆಗೆದು ಗ್ಯಾರೇಜಿಗೂ ಗೇಟಿನವರಿಗೂ ಕೊಟ್ಟರು. ಪೊಲೀಸರ ತನಕ ಹೋಗಲಿಲ್ಲ. ಹೋಗಿದ್ದರೆ ಮೋಟಾರು ವಾಹನ ಕಾಯ್ದೆಯ 181ನೇ ಸೆಕ್ಷನ್ ಪ್ರಕಾರ ಓಡಿಸಿದವರಿಗೆ 5,000 ದಂಡ ಅಥವಾ ಮೂರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. ಗಾಡಿ ಕೊಟ್ಟ ಮಾಲೀಕರಿಗೂ 180ನೇ ಸೆಕ್ಷನ್ನಿನಲ್ಲಿ ಅಷ್ಟೇ ಇದೆ. ಆರ್‌ಸಿ ಅಂದರೆ ಗಾಡಿಯ ನೋಂದಣಿ ಗಂಡನ ಹೆಸರಿನಲ್ಲಿತ್ತು.

ಸೀಟು

ನನ್ನಲ್ಲಿಗೆ ಬಂದಾಗ ಅವರ ಕೈ ನಡುಗುತ್ತಿತ್ತು. ಸಾಮಾನ್ಯವಾಗಿ ನಾವು ಮೊದಲ ದಿನ ನಮ್ಮ ಕಾರಿನಲ್ಲೇ ಶುರು ಮಾಡುತ್ತೇವೆ. ಅವತ್ತು ಯಾಕೋ, ನಿಮ್ಮ ಕಾರನ್ನೇ ತೋರಿಸಿ, ಇಂಜಿನ್ ಹಾಕಬೇಡಿ, ಸುಮ್ನೆ ಕೂತು ತೋರಿಸಿ ಎಂದೆ.

ಕೂತರು. ಬೆನ್ನು ಸೀಟಿಗೆ ತಾಗಿಲ್ಲ. ಅಂಚಿನಲ್ಲಿ ಕೂತಿದ್ದಾರೆ, ಬಸ್ಸಿನಲ್ಲಿ ಮೂರನೆಯವರಾಗಿ ಕೂತ ಹಾಗೆ. ಬ್ರೇಕ್ ಒತ್ತಿ ಎಂದೆ. ಇಡೀ ಬಲಗಾಲು ನೆಲ ಬಿಟ್ಟು ಮೇಲೆದ್ದು, ಗಾಳಿಯಲ್ಲಿ ತೇಲಿ, ಹೆಬ್ಬೆರಳಿನ ತುದಿಯಲ್ಲಿ ಪೆಡಲ್ ಮುಟ್ಟಿತು. ಆಕ್ಸಿಲರೇಟರ್ ಎಂದೆ. ಮತ್ತೆ ಕಾಲು ಎದ್ದು ಬಲಕ್ಕೆ ಹಾರಿತು. ಹಿಮ್ಮಡಿ ಒಂದು ಸಲವೂ ನೆಲಕ್ಕೆ ತಾಗಲಿಲ್ಲ. ಕಾಲಲ್ಲಿ ಇಂಚು ದಪ್ಪದ ಸೋಲಿನ ಚಪ್ಪಲಿ.

‘ಸೀಟು ಮುಂದೆ ಎಳ್ಕೊಳ್ಳಿ.’

‘ಇದು ಅವರ ಸೆಟ್ಟಿಂಗು ಸರ್. ಮುಟ್ಟಿದ್ರೆ ಅವರು ಬಂದಾಗ ಮತ್ತೆ ಸರಿ ಮಾಡ್ಕೋಬೇಕಾಗತ್ತೆ.’

ಗಂಡ ಆರಡಿ ಎತ್ತರ. ಟೀಚರ್ ಐದಡಿ ಒಂದಿಂಚು. ಐದು ಭಾನುವಾರ ಗಂಡ ಪಕ್ಕದಲ್ಲೇ ಕೂತು ಕ್ಲಚ್ಚು ಕ್ಲಚ್ಚು ಎಂದು ಕೂಗಿದ್ದರು. ಮಗ ಮೂರು ವಾರ ಕೂತಿದ್ದ. ಇಬ್ಬರಿಗೂ ಅವರ ಕಾಲು ಕಂಡಿರಲಿಲ್ಲ.

ಸೀಟಿನ ಕೆಳಗಿನ ಸಲಾಕೆ ಎತ್ತಿ ನಾಲ್ಕು ಹಲ್ಲು ಮುಂದೆ ತಂದೆವು. ಕ್ಲಚ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ಬೆನ್ನು ಒರಗಿಸಿ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗ್ ಮೇಲೆ ಕೂರಬೇಕು. ಬೆನ್ನ ಹಿಂದೆ ಒಂದು ಗಟ್ಟಿ ದಿಂಬು ಕೊಟ್ಟೆ. ಚಪ್ಪಲಿ ಬಿಚ್ಚಿಸಿ ಹಿಮ್ಮಡಿಯನ್ನು ಬ್ರೇಕಿನ ನೇರಕ್ಕೆ ನೆಲದಲ್ಲಿ ಊರಿಸಿದೆ. ಹಿಮ್ಮಡಿ ಅಲ್ಲೇ ಇರುತ್ತದೆ, ಪಾದ ಮಾತ್ರ ಬಾಗಿಲಿನ ಹಾಗೆ ಬಲಕ್ಕೆ ತಿರುಗಿ ಆಕ್ಸಿಲರೇಟರಿಗೆ ಹೋಗುತ್ತದೆ, ತಿರುಗಿ ಬ್ರೇಕಿಗೆ ಬರುತ್ತದೆ. ಇಂಜಿನ್ ಹಾಕದೆಯೇ ನೂರು ಸಲ ಮಾಡಿಸಿದೆ. ‘ಬ್ರೇಕ್’ ಎಂದಾಗ ಪಾದ ತಾನಾಗಿ ಎಡಕ್ಕೆ ಬರುವ ತನಕ. ನಲವತ್ತು ನಿಮಿಷವಾಯಿತು. ಕಾರು ಒಂದಿಂಚೂ ಕದಲಿರಲಿಲ್ಲ. ಟೀಚರ್ ಇಳಿಯುವಾಗ, ‘ಹಾಗಾದ್ರೆ ನಾನು ದಡ್ಡಿ ಅಲ್ವಾ?’ ಎಂದರು. ಅಲ್ಲ, ಕಾಲು ಗಿಡ್ಡ ಅಷ್ಟೇ ಎಂದೆ. ಅವತ್ತು ಮೊದಲ ಸಲ ನಕ್ಕರು.

ನನ್ನ ತಪ್ಪು

ಇಲ್ಲಿಂದ ಮುಂದೆ ಎಡವಿದ್ದು ನಾನು. ಎಲ್‌ಎಲ್‌ಆರ್ ಮುಗಿಯಲು ಏಳು ವಾರ ಇತ್ತು. ನಮ್ಮ ಕಸುಬಿನಲ್ಲಿ ಏಳು ವಾರ ಅಂದರೆ ಬೇಕಾದಷ್ಟು. ನಮ್ಮದು ಇಪ್ಪತ್ತೊಂದು ದಿನದ ಕೋರ್ಸು. ಅದರಲ್ಲಿ ಕೊನೆಯ ವಾರ ಪೂರ್ತಿ ಟೆಸ್ಟಿನ ಆಟ: 8 ಹೊಡೆಯುವುದು (8ರ ಆಕಾರದಲ್ಲಿ ಕಾರು ಸುತ್ತಿಸುವುದು), ರಿವರ್ಸ್, ಏರಿನಲ್ಲಿ ನಿಲ್ಲಿಸಿ ಹೊರಡುವುದು. ‘ಆ ಕಂಬ ಕನ್ನಡಿಯಲ್ಲಿ ಕಂಡ ತಕ್ಷಣ ಒಂದೂವರೆ ಸುತ್ತು’ ಎಂಬಂಥ ಲೆಕ್ಕಗಳನ್ನು ನಾವು ಹೇಳಿಕೊಡುತ್ತೇವೆ. ಆ ಕಂಬ ಇರುವುದು ಟ್ರ್ಯಾಕಿನಲ್ಲಿ ಮಾತ್ರ. ರಸ್ತೆಯಲ್ಲಿ ಯಾರೂ ನಮಗಾಗಿ ಕಂಬ ನೆಟ್ಟಿರುವುದಿಲ್ಲ.

ಸೆಪ್ಟೆಂಬರ್ 29ಕ್ಕೆ ಸ್ಲಾಟ್ ಹಿಡಿದೆವು. ಟೀಚರ್ 8 ಚೆನ್ನಾಗಿ ಹೊಡೆದರು. ರಿವರ್ಸ್ ಆಯಿತು. ಏರಿನಲ್ಲಿ ಕೆಟ್ಟಿತು. ನಿಯಮದ ಪ್ರಕಾರ ಏರಿನಲ್ಲಿ ನಿಲ್ಲಿಸಿ, ಹಿಂದಕ್ಕೆ ಜಾರದೆ ಹೊರಡಬೇಕು. ಇವರು ಹ್ಯಾಂಡ್‌ಬ್ರೇಕ್ ಬಿಟ್ಟರು, ಕ್ಲಚ್ ಬೇಗ ಬಿಟ್ಟರು, ಇಂಜಿನ್ ಆಫ್ ಆಯಿತು, ಕಾರು ಮೂರು ಅಡಿ ಹಿಂದಕ್ಕೆ ಬಂತು. ಟೆಸ್ಟ್ ನೋಡುವ ಬ್ರೇಕ್ ಇನ್‌ಸ್ಪೆಕ್ಟರ್ ಏನೂ ಬೈಯಲಿಲ್ಲ, ಮುಂದಿನ ವಾರ ಬನ್ನಿ ಎಂದರು. ಫೇಲಾದರೆ ಏಳು ದಿನ ಕಾಯಬೇಕು. ಅಕ್ಟೋಬರ್ 8ಕ್ಕೆ ಇನ್ನೊಂದು ಸ್ಲಾಟ್ ಸಿಕ್ಕಿತು. ಮೂರು ದಿನ ಮಿಕ್ಕಿತ್ತು.

ಆ ವಾರ ಪೂರ್ತಿ ಕೆರೆ ಏರಿಯ ಪಕ್ಕದ ಇಳಿಜಾರಿನಲ್ಲಿ ಅಭ್ಯಾಸ. ಖಾಲಿ ನೀರಿನ ಬಾಟಲಿಯೊಂದನ್ನು ಹಿಂದಿನ ಚಕ್ರಕ್ಕೆ ತಾಗಿಸಿ ಮಲಗಿಸುತ್ತಿದ್ದೆ. ಬಾಟಲಿ ಚಪ್ಪಟೆಯಾದರೆ ಜಾರಿತು ಎಂದರ್ಥ. ಹ್ಯಾಂಡ್‌ಬ್ರೇಕ್ ಎಳೆದೇ ಇರಲಿ, ಕ್ಲಚ್ಚನ್ನು ಕಾಗದ ಸರಿಸಿದಷ್ಟು ಸರಿಸಿ, ಇಂಜಿನ್ನಿನ ದನಿ ಕುಗ್ಗುತ್ತದೆ ನೋಡಿ, ಬಾನೆಟ್ ಮೂಗು ಎತ್ತಿದ ಹಾಗೆ ಒಂದು ಚೂರು ಏಳುತ್ತದೆ, ಅಲ್ಲೇ ಕಾಲು ನಿಲ್ಲಿಸಿ. ಅದು ಹಾಫ್ ಕ್ಲಚ್. ಈಗ ಆಕ್ಸಿಲರೇಟರ್ ಸ್ವಲ್ಪ, ಆಮೇಲೆ ಹ್ಯಾಂಡ್‌ಬ್ರೇಕ್ ಬಿಡಿ. ಮೊದಲ ದಿನ ಹನ್ನೆರಡು ಬಾಟಲಿ ಹೋದವು. ನಾಲ್ಕನೇ ದಿನ ಒಂದು.

8ನೇ ತಾರೀಕು ಪಾಸಾಗುತ್ತಾರೆ ಎಂದು ನನಗೆ ಖಾತ್ರಿಯಿತ್ತು. 6ರ ಸಂಜೆ ಟೀಚರ್ ಫೋನ್ ಮಾಡಿ, ‘ಟೆಸ್ಟಿಗೆ ಹೋಗಲ್ಲ ಸರ್’ ಎಂದರು.

ಎರಡನೇ ತಿರುವು

ನಾನು ರೇಗಿದೆ ಎಂದೇ ಹೇಳಬೇಕು. ಎಲ್‌ಎಲ್‌ಆರ್ ಸತ್ತುಹೋಗುತ್ತದೆ, ಮತ್ತೆ ಮೊದಲಿಂದ ಅರ್ಜಿ, ಮತ್ತೆ 30 ದಿನ, ದುಡ್ಡು ದಂಡ, ಇಷ್ಟು ಕಲಿತು ಈಗ ಯಾಕೆ ಹೀಗೆ ಎಂದೆ. ಅವರು ಹೇಳಿದ ಮಾತನ್ನು ನಾನು ಅವತ್ತೇ ಡೈರಿಯಲ್ಲಿ ಬರೆದಿಟ್ಟೆ.

‘ಪಾಸಾದ್ರೆ ಮರುದಿನದಿಂದ ಎಲ್ರೂ ಕೀ ಕೊಟ್ಟು ಹೋಗು ಅಂತಾರೆ. ಪಕ್ಕದಲ್ಲಿ ಯಾರೂ ಕೂರಲ್ಲ. ನನಗೆ ಇನ್ನೂ ಒಬ್ರು ಬೇಕು. ಎಲ್‌ಎಲ್‌ಆರ್ ಇದ್ರೆ ಕೂರಲೇಬೇಕು ಅಂತ ರೂಲ್ಸ್ ಇದೆಯಲ್ಲ, ಅದಕ್ಕೆ.’

ಹದಿನೈದು ವರ್ಷದಿಂದ ನಾನು ಎಲ್‌ಎಲ್‌ಆರ್ ಅನ್ನು ನೋಡಿದ್ದು ಡಿಎಲ್‌ನ ಹೊರಗಿನ ಜಗಲಿಯ ಹಾಗೆ. ಅಲ್ಲಿ ಹೆಚ್ಚು ಹೊತ್ತು ಕೂರಬಾರದು, ಬೇಗ ಒಳಗೆ ಹೋಗಬೇಕು. ಇವರು ಅದನ್ನು ತಿರುಗಿಸಿ ನೋಡಿದರು. ಆ ಷರತ್ತು ಇವರಿಗೆ ಕಟ್ಟಲ್ಲ, ಹಕ್ಕು. ಮನೆಯವರನ್ನು ಕೂರಿಸಿಕೊಳ್ಳಲು ಕಾನೂನೇ ಕೊಟ್ಟ ನೆಪ. ಲೈಸೆನ್ಸ್ ಬಂದ ದಿನ ಆ ನೆಪ ಹೋಗಿಬಿಡುತ್ತದೆ.

ನನ್ನ ವಾದವೂ ಪೂರ್ತಿ ತಪ್ಪಲ್ಲ. ಪಾಸಾಗಿ ಡಿಎಲ್ ಇಟ್ಟುಕೊಂಡೂ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಬಹುದಿತ್ತು, ಬೇಡ ಅನ್ನುವವರು ಯಾರು? ಹೆಚ್ಚಿನವರಿಗೆ ನಾನು ಇವತ್ತಿಗೂ ಅದನ್ನೇ ಹೇಳುತ್ತೇನೆ. ಆದರೆ ಅವರ ಮನೆ ನನಗಿಂತ ಅವರಿಗೆ ಗೊತ್ತು. ಅಲ್ಲದೆ ಬ್ರೌಸಿಂಗ್ ಸೆಂಟರಿನ ಪರೀಕ್ಷೆ ಅವರ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಒಂದು ದಿನ ನನ್ನ ಜೊತೆ ಹೋಗುವಾಗ ತಲೆಕೆಳಗಾದ ತ್ರಿಕೋನದ ಬೋರ್ಡ್ ನೋಡಿಯೂ ವೇಗ ಇಳಿಸದೆ ಮುಖ್ಯರಸ್ತೆಗೆ ನುಗ್ಗಿದ್ದರು. ನಾನು ಬ್ರೇಕ್ ಒತ್ತಿದೆ. ಅದೇನು ಬೋರ್ಡ್ ಎಂದು ಕೇಳಿದರೆ, ‘ಮುಂದೆ ಏನೋ ಇದೆ ಅಂತ ಅಲ್ವಾ?’ ಎಂದರು. ಅದು ದಾರಿ ಬಿಡಿ ಎನ್ನುವ ಬೋರ್ಡು.

ಅಕ್ಟೋಬರ್ 11ಕ್ಕೆ ಎಲ್‌ಎಲ್‌ಆರ್ ಮುಗಿಯಿತು.

ಒಂದು ವಾರ ಬಲಗಡೆ ಕೂರುವಂತಿಲ್ಲ. ದಸರಾ ರಜೆಗೆ ಬಂದ ಗಂಡ ‘ಬೆಳಿಗ್ಗೆ ಆರಕ್ಕೆ ಖಾಲಿ ರಸ್ತೆ ಅಲ್ವಾ ಸರ್, ಒಂದು ರೌಂಡು’ ಎಂದರು. ಬೇಡ ಎಂದೆ. ಆ ವಾರ ಟೀಚರ್‌ರನ್ನು ಎಡಸೀಟಿನಲ್ಲಿ ಕೂರಿಸಿ ನಾನು ಓಡಿಸಿದೆ. ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗಬೇಕು, ಅಷ್ಟೇ ಕೆಲಸ. ಮೊದಲ ದಿನ ‘ಬಸ್ಸು, ಸ್ಕೂಟರ್, ಹಸು’ ಎಂದು ಹಾಜರಿ ಕರೆದ ಹಾಗಿತ್ತು. ನಾಲ್ಕನೇ ದಿನ: ‘ಬಸ್ ನಿಂತಿದೆ, ಅದರ ಮುಂದಿನಿಂದ ಯಾರಾದ್ರೂ ದಾಟಬಹುದು, ನಿಧಾನ ಮಾಡಿ. ಆ ಕಾರಿನ ಒಳಗೆ ಡ್ರೈವರ್ ಇದಾರೆ, ಬಾಗಿಲು ತೆಗೀಬಹುದು. ಇದು ಕೆಂಪು ವೃತ್ತ, ಬೇಡ ಅಂತ. ಅದು ನೀಲಿ ವೃತ್ತ, ಮಾಡಲೇಬೇಕು ಅಂತ.’ ಕಾರು ಓಡಿಸುವಾಗ ಕಾಲು ಕೈಗಳ ಗಲಾಟೆಯಲ್ಲಿ ಕಣ್ಣಿಗೆ ಪುರುಸೊತ್ತೇ ಇರುವುದಿಲ್ಲ. ಆ ವಾರ ಕಣ್ಣು ಮಾತ್ರ ಕಲಿಯಿತು.

14ಕ್ಕೆ ಹೊಸ ಅರ್ಜಿ ಹಾಕಿದರು. ಪರೀಕ್ಷೆಯನ್ನು ತಮ್ಮ ಮನೆಯ ಊಟದ ಮೇಜಿನ ಮೇಲೆ, ಬಾಗಿಲು ಹಾಕಿಕೊಂಡು ಬರೆದರು. ಒಂದು ತಪ್ಪು. 18ಕ್ಕೆ ಎರಡನೇ ಎಲ್‌ಎಲ್‌ಆರ್ ಬಂತು.

ಎಡಸೀಟಿನ ಪಾಳಿ

ಈ ಸಲ ಟೀಚರ್ ಒಂದು ನೋಟ್‌ಬುಕ್ ಇಟ್ಟರು. ತಾರೀಕು, ಯಾವ ರಸ್ತೆ, ಎಷ್ಟು ಹೊತ್ತು, ಏನು ಹೆದರಿಸಿತು, ಪಕ್ಕದಲ್ಲಿ ಯಾರು. ಒಂದು ಪುಟ ಹೀಗಿದೆ: ‘ನ. 3. ಬಸ್ ಸ್ಟ್ಯಾಂಡ್ ಹಿಂದಿನ ರಸ್ತೆ. ಅರ್ಧ ಗಂಟೆ. ಎಡಗಡೆ ಸ್ಕೂಟರ್ ಕಾಣಲಿಲ್ಲ, ಕನ್ನಡಿ ನೋಡಿದೆ ಆದರೆ ತಲೆ ತಿರುಗಿಸಲಿಲ್ಲ. ಪಕ್ಕ: ಸರ್.’ ಇನ್ನೊಂದು: ‘ನ. 9. ಮಳೆ. ವೈಪರ್ ಹುಡುಕುವಾಗ ಇಂಡಿಕೇಟರ್ ಹಾಕಿದೆ. ಪಕ್ಕ: ಇವರು. ಬೈಯಲಿಲ್ಲ.’

‘ಪಕ್ಕ’ ಎನ್ನುವ ಆ ಕೊನೆಯ ಕಾಲಮ್ಮೇ ಎಲ್ಲವನ್ನೂ ಬದಲಿಸಿತು ಎಂದು ನನಗನ್ನಿಸುತ್ತದೆ. ಅಲ್ಲಿ ಹೆಸರು ಬರೆಯಬೇಕಾದರೆ ಆ ಜನಕ್ಕೆ ಕಾರಿನ ಲೈಸೆನ್ಸ್ ಇರಬೇಕು. ಮಂಗಳವಾರ, ಗುರುವಾರ ನಾನು. ಶನಿವಾರ ಅವರದೇ ಶಾಲೆಯ ಒಬ್ಬರು ಸಹೋದ್ಯೋಗಿ, ಇಪ್ಪತ್ತು ವರ್ಷದಿಂದ ಓಡಿಸುವವರು. ಭಾನುವಾರ ಗಂಡ. ಗಂಡನನ್ನು ನಾನೇ ಒಂದು ದಿನ ಕರೆದು ಕೂರಿಸಿ ಮಾತಾಡಿದೆ. ನಿಮ್ಮ ಕಾರಿನಲ್ಲಿ ನನ್ನ ಹಾಗೆ ಎಡಗಡೆ ಬ್ರೇಕಿಲ್ಲ, ನಿಮ್ಮ ಕೈಗೆ ಸಿಗುವುದು ಹ್ಯಾಂಡ್‌ಬ್ರೇಕ್ ಒಂದೇ. ಬಲಗೈ ಅದರ ಹತ್ತಿರ ಇರಲಿ, ಮೊಬೈಲ್ ಜೇಬಿನಲ್ಲಿರಲಿ. ಮೂರೇ ಮಾತು: ನಿಧಾನ, ನಿಲ್ಲಿಸು, ಹೋಗು. ಉಳಿದದ್ದನ್ನು ಕಾರು ನಿಂತ ಮೇಲೆ ಹೇಳಿ. ಅವರು ತಲೆಯಾಡಿಸಿದರು. ಎರಡು ಭಾನುವಾರ ಕಷ್ಟಪಟ್ಟರಂತೆ. ತುಟಿ ಕಚ್ಚಿಕೊಂಡು ಕೂತಿರುತ್ತಿದ್ದರು ಎಂದು ಟೀಚರ್ ಹೇಳಿದರು.

ಎಲ್ ಬೋರ್ಡನ್ನೂ ಟೀಚರ್ ತಾವೇ ಮಾಡಿದರು. ಬಿಳಿ ಡ್ರಾಯಿಂಗ್ ಹಾಳೆ, ಕೆಂಪು ಚಾರ್ಟ್ ಪೇಪರ್, ಸ್ಕೇಲಿನಲ್ಲಿ ಅಳೆದು 18 ಸೆಂಟಿಮೀಟರ್ ಚೌಕ, ಮುಂದಕ್ಕೊಂದು ಹಿಂದಕ್ಕೊಂದು, ಮೇಲೆ ಪ್ಲಾಸ್ಟಿಕ್. ಅಂಗಡಿಯ ಸ್ಟಿಕ್ಕರಿಗಿಂತ ಚೆನ್ನಾಗಿತ್ತು. ದೊಡ್ಡ ಬೋರ್ಡ್ ಹಾಕಿದ ಮೇಲೆ ಹಿಂದಿನವರು ಹಾರ್ನ್ ಹೊಡೆಯುವುದು ಕಮ್ಮಿಯಾಯಿತು ಎನ್ನುವುದು ಅವರ ಅಭಿಪ್ರಾಯ. ನನಗೆ ಹಾಗೇನೂ ಕಾಣಲಿಲ್ಲ, ಅವರಿಗೆ ಹಾರ್ನ್ ಅಭ್ಯಾಸವಾಗಿತ್ತು ಅಷ್ಟೇ.

ಮಗನಿಗೆ ಎಡಸೀಟು ಸಿಗಲಿಲ್ಲ. ಅವನು ಹಿಂದೆ ಕೂತ. ನವೆಂಬರಿನಲ್ಲಿ ಅವನೂ ಕಾರಿಗೆ ಎಲ್‌ಎಲ್‌ಆರ್ ಹಾಕಿದ.

30 ದಿನ ಮುಗಿದರೂ ಟೀಚರ್ ಎರಡು ವಾರ ಜಾಸ್ತಿಯೇ ತೆಗೆದುಕೊಂಡರು. ನೋಟ್‌ಬುಕ್ಕಿನಲ್ಲಿ ಕತ್ತಲಾದ ಮೇಲೆ ಓಡಿಸಿದ್ದು ಮೂರು ಸಲ ಆಗಿರಲಿ ಎಂಬುದು ಅವರ ಹಟ. ಅತ್ತೆಗೆ ಉಸಿರು ಕಟ್ಟಿದ್ದು ರಾತ್ರಿ ಅಲ್ಲವೇ? ಡಿಸೆಂಬರ್ ಮೊದಲ ವಾರ ಟೆಸ್ಟ್. ಏರಿನಲ್ಲಿ ನಿಲ್ಲಿಸಿದರು, ಬಾನೆಟ್ ಒಂದು ಚೂರು ಎದ್ದಿತು, ಹೊರಟರು. ನಾನು ಗೇಟಿನ ಹೊರಗೆ ನಿಂತಿದ್ದೆ. ಕೈಯಲ್ಲಿ ಒಂದು ಖಾಲಿ ಬಾಟಲಿ ಇತ್ತು, ಅಭ್ಯಾಸಬಲ.

ಈಗ ನಾನು ಏನು ಮಾಡುತ್ತೇನೆ

ಇದಾದ ಮೇಲೆ ನನ್ನ ಕೆಲಸದಲ್ಲಿ ಕೆಲವು ಬದಲಾಗಿವೆ. ಮೊದಲ ದಿನ ಯಾರೇ ಬಂದರೂ ಎಲ್‌ಎಲ್‌ಆರ್‌ನ ಕೊನೆಯ ತಾರೀಕು ನೋಡಿ ನನ್ನ ಪುಸ್ತಕದಲ್ಲಿ ಬರೆಯುತ್ತೇನೆ. ಮನೆಯಲ್ಲಿ ಪಕ್ಕ ಕೂರುವವರು ಯಾರು ಎಂದು ಕೇಳುತ್ತೇನೆ. ಅವರ ಲೈಸೆನ್ಸನ್ನೂ ನೋಡುತ್ತೇನೆ. ಅದರಲ್ಲಿ ‘ಎಲ್‌ಎಂವಿ’ (ಕಾರಿನಂಥ ಹಗುರ ವಾಹನ) ಎಂದಿಲ್ಲದಿದ್ದರೆ ಬೇರೆಯವರನ್ನು ಹುಡುಕಿ ಎನ್ನುತ್ತೇನೆ. ಕೆಲವರಿಗೆ ಕೋಪ ಬರುತ್ತದೆ, ನಿಮ್ಮಲ್ಲಿ ಕಲಿಯೋದು ಇವಳು, ನನ್ನ ಲೈಸೆನ್ಸ್ ಯಾಕೆ ಎನ್ನುತ್ತಾರೆ. ತೋರಿಸಲಿ ಬಿಡಲಿ, ಕೇಳುವುದಂತೂ ಬಿಟ್ಟಿಲ್ಲ. ಇಂಜಿನ್ ಹಾಕುವ ಮೊದಲು ಅವರವರ ಮನೆಯ ಕಾರಿನಲ್ಲಿ ಒಂದು ಸಲ ಕೂರಿಸಿ ಕಾಲು ನೋಡುತ್ತೇನೆ. ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಗಂಡನ ಅಥವಾ ಅಣ್ಣನ ಸೀಟಿನಲ್ಲೇ ಕೂತಿರುತ್ತಾರೆ.

ಟೆಸ್ಟಿಗೆ ಅವಸರ ಮಾಡುವುದನ್ನು ಪೂರ್ತಿ ಬಿಟ್ಟಿದ್ದೇನೆ ಎಂದರೆ ಸುಳ್ಳು. ತಾರೀಕು ಹತ್ತಿರ ಬಂದಾಗ ಈಗಲೂ ನನ್ನ ಕೈ ತುರಿಸುತ್ತದೆ.

ಟೀಚರ್ ಈಗ ದಿನಾ ಶಾಲೆಗೆ ಕಾರಿನಲ್ಲಿ ಹೋಗುತ್ತಾರೆ. ಮೊದಲ ಎರಡು ತಿಂಗಳು ಆ ಸಹೋದ್ಯೋಗಿ ಪಕ್ಕದಲ್ಲಿ ಕೂತು ಹೋದರು, ರೂಲ್ಸಿಗಲ್ಲ, ಪೆಟ್ರೋಲ್ ಹಂಚಿಕೊಂಡು. ಸೀಟು ನಾಲ್ಕು ಹಲ್ಲು ಮುಂದೆಯೇ ಇದೆ. ಶನಿವಾರ ರಾತ್ರಿ ಊರಿಗೆ ಬರುವ ಗಂಡ ಕಾರು ಹತ್ತುವಾಗ ಮೊಣಕಾಲು ಸ್ಟೇರಿಂಗಿಗೆ ಬಡಿಸಿಕೊಂಡು, ಬಗ್ಗಿ ಸಲಾಕೆ ಎತ್ತಿ ಸೀಟು ಹಿಂದೆ ತಳ್ಳಿಕೊಳ್ಳುತ್ತಾರೆ. ಸೋಮವಾರ ಬಸ್ಸಿಗೆ ಹೋಗುವ ಮೊದಲು ಮತ್ತೆ ಮುಂದೆ ಎಳೆದಿಟ್ಟು ಹೋಗುತ್ತಾರಂತೆ.